ಕುಂಕುಮ ಹಚ್ಚಿದ ಗ್ರಾಫಿಕ್ಸ್ ಕಾರ್ಡು

ಶಿಕಾರಿಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಸವಿತಕ್ಕ, ಕೆಟ್ಟುಹೋದ ಮುಖ್ಯ ಬೋರ್ಡು ಬದಲಿಸಲೆಂದು ನನ್ನ ಹಳೇ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದ ಕೂಡಲೇ ಕಮಟು ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. “ಏನ್ರೀ ಇದು, ಕಂಪ್ಯೂಟರೋ ದೇವ್ರ ಗೂಡೋ?” ಎನ್ನುತ್ತ ಅವರು ಗ್ರಾಫಿಕ್ಸ್ ಕಾರ್ಡನ್ನು ಎಳೆದು ತೋರಿಸಿದರು. ಪರದೆಗೆ ಚಿತ್ರ ಕಳಿಸುವ ಆ ಕಾರ್ಡು ಬಿಸಿಯಾಗದಿರಲಿ ಎಂದು ಅದರ ಮೇಲೊಂದು ಪುಟ್ಟ ಫ್ಯಾನು ಇರುತ್ತದೆ. ಫ್ಯಾನಿನ ನಟ್ಟನಡುವೆ ಒಣಗಿ ಕಪ್ಪಾದ ಕುಂಕುಮ. ಬೆರಳಲ್ಲಿ ತಳ್ಳಿದರೂ ರೆಕ್ಕೆ ಅಲುಗಲಿಲ್ಲ.

ಆ ಕುಂಕುಮ ನನ್ನ ಅಮ್ಮ ಹಚ್ಚಿದ್ದು. ಆನವಟ್ಟಿಯಲ್ಲಿ ನಾನೂ ಗೆಳೆಯ ಹಾಲೇಶನೂ ಸೇರಿ ಸ್ಟುಡಿಯೋ ಇಟ್ಟಿದ್ದ ಕಾಲ. ಮದುವೆಗಳಲ್ಲಿ ಕ್ಯಾಮೆರಾ ಹಿಡಿಯುವುದು ನಾನು, ವಿಡಿಯೋ ಕತ್ತರಿಸಿ ಜೋಡಿಸುವುದು ಅವನು. ಕಂಪ್ಯೂಟರ್ ವಿಷಯದಲ್ಲಿ ನನಗೆ ಬರುತ್ತಿದ್ದದ್ದು ಬಟನ್ ಒತ್ತುವುದೊಂದೇ, ಆದರೆ ಮಾಲೀಕನ ಗತ್ತಿಗೆ ಅಷ್ಟು ಸಾಕಿತ್ತು.

ಆಯುಧಪೂಜೆಗೆ ಅಮ್ಮ ಅಂಗಡಿಗೆ ಬಂದಳು. ಒಲೆ, ಒನಕೆ, ಪಂಪ್‌ಸೆಟ್ಟು ಯಾವುದನ್ನೂ ಬಿಡದೆ ಪೂಜಿಸಿದವಳು. ಧೂಳು ಹೊಡೆಯಲು ನಾನು ತಗಡು ತೆಗೆದಿಟ್ಟಿದ್ದೆ. “ಹೊರಗಿನ ತಗಡಿಗೆ ಹಚ್ಚಿ ಏನಾಗ್ಬೇಕೋ, ದುಡಿಯೋದು ಒಳಗಿಂದಲ್ವಾ?” ಎಂದು ಎಣ್ಣೆಯಲ್ಲಿ ಕಲೆಸಿದ ಕುಂಕುಮವನ್ನು ನೇರ ಆ ಫ್ಯಾನಿಗೇ ಧಾರಾಳವಾಗಿ ಮೆತ್ತಿದಳು. “ತಿರುಗೋದು ಇದೊಂದೇ ಕಾಣ್ತದೆ. ಇದೇ ಮುಖ್ಯದ್ದಿರ್ಬೇಕು.” ಎಂಥ ಬುದ್ಧಿವಂತೆ ಎಂದು ನಾನು ಹೆಮ್ಮೆಯಿಂದ ಫೋಟೋ ಬೇರೆ ತೆಗೆದೆ!

ಮದುವೆಗಳು ಶುರುವಾದವು. ಕೆಲಸದ ನಡುವೆ ಪರದೆ ಗೆರೆಗೆರೆಯಾಗಿ ಕಪ್ಪಾಗತೊಡಗಿತು. ಈಸೂರಿನ ಒಂದು ಮನೆಯವರಿಗೆ ಹೇಳಿದ ದಿನಕ್ಕೆ ವಿಡಿಯೋ ಕೊಡಲಾಗಲಿಲ್ಲ, ಅವರು ಅಂಗಡಿಗೇ ಬಂದು ಮುಖಕ್ಕೆ ಮಂಗಳಾರತಿ ಎತ್ತಿಹೋದರು. ನನ್ನ ಕೋಪಕ್ಕೆ ಒಬ್ಬ ಅಪರಾಧಿ ಬೇಕಿತ್ತು. ಬಿಡುವಿದ್ದಾಗ ಹಾಲೇಶ ಕಾರು ಓಡಿಸುವ ಆಟ ಆಡುತ್ತಿದ್ದ. “ನಿನ್ನ ಆಟದಿಂದ್ಲೇ ಕಾರ್ಡ್ ಸುಟ್ಟಿದ್ದು, ನಾಳೆಯಿಂದ ಬರ್ಬೇಡ” ಎಂದುಬಿಟ್ಟೆ, ಅಮ್ಮನ ಎದುರಿಗೇ. ಅವನು ಒಮ್ಮೆ ಅಮ್ಮನ ಕಡೆ ನೋಡಿದ. ಮಾತಾಡದೆ ಚಪ್ಪಲಿ ಮೆಟ್ಟಿ ನಡೆದ. ಅದು ತಪ್ಪೊಪ್ಪಿಗೆ ಎಂದುಕೊಂಡೆ.

ಕಾರ್ಡನ್ನು ಅಲ್ಲೇ ಬಿಟ್ಟು, ಪರದೆಯ ವೈರನ್ನು ಪೆಟ್ಟಿಗೆಯದೇ ಬೇರೆ ತೂತಿಗೆ ಸಿಕ್ಕಿಸಿ, ವಿಡಿಯೋ ಬಿಟ್ಟು ಬರೀ ಫೋಟೋ ತೆಗೆದು ಪ್ರಿಂಟು ಹಾಕುತ್ತ ಎಂಟು ವರ್ಷ ತಳ್ಳಿದೆ. ಹಾಲೇಶ ಚಂದ್ರಗುತ್ತಿಯಲ್ಲಿ ಸ್ವಂತ ಸ್ಟುಡಿಯೋ ಇಟ್ಟ. ನಮ್ಮ ಕಡೆಯ ಮದುವೆ ಗೊತ್ತಲ್ಲ, ಗಂಡಿನವರದೊಂದು ಕ್ಯಾಮೆರಾ, ಹೆಣ್ಣಿನವರದೊಂದು. ಎಷ್ಟೋ ಮಂಟಪಗಳಲ್ಲಿ ನಾವಿಬ್ಬರೂ ಎದುರುಬದುರು ನಿಂತೆವು. ನನ್ನ ಫೋಟೋಗಳಲ್ಲಿ ಅವನು ಬರದಂತೆ ನೋಡಿಕೊಂಡೆ. ಅಮ್ಮ ಸಾಯುವ ಮುಂಚೆಯೂ ಕೇಳಿದ್ದಳು, “ಹಾಲೇಶನ್ನ ಇನ್ನೂ ಕರೀಲಿಲ್ವೇನೋ?” ಏನೋ ಹೇಳಿ ಜಾರಿಕೊಂಡಿದ್ದೆ.

ಸವಿತಕ್ಕ ಕುಂಕುಮವನ್ನು ಕೆರೆದು, ಬ್ರಷ್ಷಿನಲ್ಲಿ ಉಜ್ಜಿ, ಫ್ಯಾನಿಗೆ ಒಂದು ಹನಿ ಎಣ್ಣೆ ಬಿಟ್ಟು, ಬೇರೆ ಯಂತ್ರಕ್ಕೆ ಹಾಕಿ ನೋಡಿದರು. ಫ್ಯಾನು ಗಿರ್ರನೆ ತಿರುಗಿತು, ಪರದೆ ಬೆಳಗಿತು. “ಕಾರ್ಡಿಗೆ ಏನೂ ಆಗಿಲ್ಲ ಬಿಡ್ರಿ. ಗಾಳಿ ಸಿಗ್ದೇ ಕಾದು ನಿಲ್ತಿತ್ತು ಅಷ್ಟೆ. ಹೊಸ ಬೋರ್ಡಿಗೂ ಇದೇ ನಡೀತದೆ. ಹಾಕ್ಲೇನು?”

ಹಾಕಿ ಎಂದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಹೊರಗೆ ಬಂದು ಫೋನ್ ಮಾಡಿದೆ.

“ಹಾಲೇಶ, ಕಾರ್ಡ್ ಕೆಟ್ಟಿದ್ದು ನಿನ್ನಿಂದಲ್ಲ ಕಣೋ.”

“ಗೊತ್ತು ಮಾರಾಯ,” ಎಂದ. “ನೀನು ಬೈಯೋ ಮುಂಚೇನೇ ಬಿಚ್ಚಿ ನೋಡಿದ್ದೆ. ಕುಂಕುಮ ಒರ್ಸಿದ್ರೂ ಹೋಗ್ಲಿಲ್ಲ. ನೀನು ಬೈಯುವಾಗ ಅಮ್ಮ ಅಲ್ಲೇ ಕೂತಿದ್ರು. ನೀವು ಹಚ್ಚಿದ್ದಕ್ಕೇ ಕೆಡ್ತು ಅಂತ ಅವ್ರ ಎದ್ರಿಗೆ ಹೆಂಗ್ ಹೇಳ್ಲಿ?”

“ಆಮೇಲಾದ್ರೂ ನಂಗೆ ಹೇಳ್ಬಹುದಿತ್ತಲ್ಲೋ!”

“ಆಮೇಲೆ ನೀನು ಮಾತಾಡ್ಸಿದ್ಯಾ?”

ನೀವಾಗಿದ್ದರೆ ಏನು ಹೇಳುತ್ತಿದ್ದಿರೋ, ನಾನು ಫೋನ್ ಜೇಬಿಗಿಳಿಸಿ ಒಳಗೆ ಹೋದೆ. ಪೆಟ್ಟಿಗೆ ಸಿದ್ಧವಾಗುವಷ್ಟರಲ್ಲಿ ಆನವಟ್ಟಿಯ ಬಸ್ಸು ಬಂದು ನಿಂತಿತು. ಅದನ್ನು ಬಿಟ್ಟು, ಪೆಟ್ಟಿಗೆ ಎತ್ತಿಕೊಂಡು ಸೊರಬದ ಬಸ್ಸು ಹತ್ತಿದೆ. “ಎಲ್ಲಿಗ್ರೀ?” ಎಂದ ಕಂಡಕ್ಟರ್. ಸೊರಬದಿಂದ ಚಂದ್ರಗುತ್ತಿಗೆ ಬಸ್ಸು ಇನ್ನೂ ಸಿಗುತ್ತದೆಯೇ ಎಂದು ಕೇಳಿದೆ.