ಬೋಜಣ್ಣ ಹೊಳಪಿಸಿದ ಅಚ್ಚು

ಗಲ್ಫಿನ ಖಸಬ್ ಬಂದರಿನಲ್ಲಿ ದೋಣಿಗಳು ಇನ್ನೂ ಹಗ್ಗ ಬಿಚ್ಚಿಲ್ಲ. ಬೋಳು ಗುಡ್ಡಗಳ ನೆತ್ತಿಗೆ ಆಗಷ್ಟೇ ಬೆಳಕು ತಾಗುತ್ತಿದೆ. ಬೋಜ ಸಾಲ್ಯಾನ್ ಶೂಟಿಂಗ್ ಕ್ಲಬ್ಬಿನ ಹಿಂಬಾಗಿಲು ತೆರೆದು, ಲೈಟು ಹಾಕುವ ಮೊದಲೇ ಮೇಜಿನ ಮೇಲಿನ ಯಂತ್ರವೊಂದರ ಮೈ ಸವರುತ್ತಾರೆ. ಬೆರಳು ಒಂದೆಡೆ ನಿಲ್ಲುತ್ತದೆ.

"ತುಕ್ಕು ಹಿಡಿದಾಯ್ತು ನೋಡಿ. ನಿನ್ನೆ ಸಂಜೆ ಎಣ್ಣೆ ಒರೆಸಿ ಹೋದದ್ದು. ಇಲ್ಲಿ ಗಾಳಿಯಲ್ಲೇ ಉಪ್ಪುಂಟು ಮಾರಾಯ್ರೆ, ಕಬ್ಬಿಣವನ್ನು ಬದುಕ್ಲಿಕ್ಕೆ ಬಿಡುದಿಲ್ಲ."

ಕ್ಲಬ್ಬಿನ ಗುರಿಕಾರರು ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆ ಚಿಪ್ಪನ್ನು ಎಸೆಯುವುದಿಲ್ಲ. ಉಬ್ಬಿದ ಚಿಪ್ಪನ್ನು ಉಕ್ಕಿನ ಅಚ್ಚಿನೊಳಗೆ ಒತ್ತಿ, ಮೊದಲಿನ ಅಳತೆಗೆ ತಂದು, ಮತ್ತೆ ಮದ್ದು, ಗುಂಡು ತುಂಬುತ್ತಾರೆ. ಅದಕ್ಕೆಂದು ಇಲ್ಲಿ ಹನ್ನೆರಡು ಕೈಯಂತ್ರಗಳಿವೆ, ಎಪ್ಪತ್ತು ಚಿಲ್ಲರೆ ಅಚ್ಚುಗಳಿವೆ. ಇಷ್ಟನ್ನೂ ತುಕ್ಕಿನಿಂದ ಕಾಪಾಡುವ ಆಳು ಒಬ್ಬರೇ. ವಯಸ್ಸು ಐವತ್ತೆಂಟು, ಈ ಕೆಲಸದಲ್ಲಿ ಹತ್ತೊಂಬತ್ತು ವರ್ಷ. ಅಷ್ಟೂ ವರ್ಷದಲ್ಲಿ ಅವರು ಹಾರಿಸಿದ ಗುಂಡುಗಳ ಸಂಖ್ಯೆ ಸೊನ್ನೆ. ಮದ್ದಿನ ಕೋಣೆಯ ಬೀಗದ ಕೈ ಅವರ ಬಳಿ ಇಲ್ಲ, ಬೇಕೆಂಬ ಆಸೆಯೂ ಇಲ್ಲ. ಅದು ಇರುವುದು ಸ್ಟೋರಿನ ಶಹೀದ್ ಬಳಿ.

ಮಲ್ಪೆಯಲ್ಲಿ ಬೋಟಿನ ಇಂಜಿನ್ ಬಿಚ್ಚಿ ಜೋಡಿಸುತ್ತಿದ್ದವರು ಬೋಜಣ್ಣ. ಸಮುದ್ರ ತಿಂದ ಕಬ್ಬಿಣದ ಜೊತೆ ಬೆಳೆದ ಕೈ. ಸೆಕೆಗಾಲದಲ್ಲಿ ದಿನಕ್ಕೆ ಇಪ್ಪತ್ತು ಅಚ್ಚು ಕೈ ದಾಟುತ್ತವೆ: ಸೀಮೆಎಣ್ಣೆಯಲ್ಲಿ ಅದ್ದುವುದು, ಹಿತ್ತಾಳೆ ಬ್ರಷ್ಷಿನಲ್ಲಿ ಉಜ್ಜುವುದು, ಬಟ್ಟೆ ಸುತ್ತಿದ ಕಡ್ಡಿಯಿಂದ ಒಳಗನ್ನು ಒರೆಸುವುದು, ಕೊನೆಗೆ ಎಣ್ಣೆಯ ತೆಳು ಲೇಪ. ಮಾಡಿದ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಮಾಡದಿದ್ದರೆ ಮಾತ್ರ ಎರಡೇ ದಿನದಲ್ಲಿ ಕಂಪ್ಲೇಂಟು ಬರುತ್ತದೆ. ಉಗುರಿನ ಸಂದಿಯ ಕೆಂಪು ಯಾವ ಸೋಪಿಗೂ ಬಗ್ಗಿಲ್ಲ. ಊರಿಗೆ ಹೋದಾಗ ಹೆಂಡತಿ ಲೋಲಾಕ್ಷಿ ಆ ಕೈ ನೋಡಿ, "ಮದರಂಗಿ ಯಾರು ಹಾಕಿದ್ದು ನಿಮಗೆ?" ಎಂದು ಕಾಡಿಸುತ್ತಾರಂತೆ.

ಇಷ್ಟು ಹೇಳಿ ನಕ್ಕ ಬೋಜಣ್ಣ, ಕಪಾಟಿನ ಮೂಲೆಯಿಂದ ಒಂದು ಅಚ್ಚು ತೆಗೆದು ಮೇಜಿನ ಮೇಲಿಡುವಾಗ ನಗುವುದಿಲ್ಲ. ಉಳಿದವೆಲ್ಲ ಬೂದು ಬಣ್ಣದವು. ಇದರ ಒಳಗೆ ಮುಖ ನೋಡಿಕೊಳ್ಳಬಹುದು.

ಅದು ಹಾಜಿ ಮುಸ್ತಫಾ ಅವರದು. ಎಪ್ಪತ್ತು ದಾಟಿದ ಮುಸ್ತಫಾ ಈ ಕ್ಲಬ್ಬಿನ ಹಿರಿಯ ಗುರಿಕಾರ. ತನ್ನ ತೋಟಾಗಳನ್ನು ತಾನೇ ತಯಾರಿಸಬೇಕೆಂಬ ಹಟದವರು. ಮೂರು ವರ್ಷಗಳ ಹಿಂದೆ, ವರ್ಷದ ಪಂದ್ಯಕ್ಕೆ ಎರಡು ದಿನ ಇರುವಾಗ, ತುಕ್ಕು ಹಿಡಿದ ಈ ಅಚ್ಚನ್ನು ಬೋಜಣ್ಣನ ಕೈಗೆ ಕೊಟ್ಟರು. ಸೀಮೆಎಣ್ಣೆಗೆ ಬಗ್ಗುವ ತುಕ್ಕಲ್ಲ. ತುಕ್ಕು ಬಿಡಿಸುವ ದ್ರಾವಣದ ಡಬ್ಬಿ ಖಾಲಿ. ಮಸ್ಕತ್‌ನಿಂದ ಹೊಸದನ್ನು ತರಬೇಕಿದ್ದ ಹಡಗು ಸಮುದ್ರ ಕೆಟ್ಟಿದ್ದರಿಂದ ಹೊರಟೇ ಇರಲಿಲ್ಲ. ಬೋಜಣ್ಣನಿಗೆ ನೆನಪಾದದ್ದು ಅಮ್ಮ ದೇವರ ದೀಪ ತಿಕ್ಕುತ್ತಿದ್ದ ಹುಣಸೆಹುಳಿ.

"ಹುಳಿಯಲ್ಲಿ ಹಾಕಿಟ್ಟೆ. ತುಕ್ಕು ಬಿಟ್ಟಿತು, ಒಳಗೆ ಸಣ್ಣ ಸಣ್ಣ ಕುಳಿ ಉಳೀತು. ಅಲ್ಲಿಗೆ ನಿಲ್ಲಿಸ್ಬೇಕಿತ್ತು ನಾನು. ಹಾಜಿಯವರಿಗೆ ಚಂದ ಮಾಡಿ ಕೊಡ್ವಾ ಅಂತ ಲೇತಿಗೆ ಕಟ್ಟಿ, ಪಾಲಿಶ್ ಪೇಪರ್ ಹಿಡಿದು, ಕುಳಿ ಹೋಗುವವರೆಗೆ ಉಜ್ಜಿದೆ. ದೀಪ ಎಷ್ಟು ಉಜ್ಜಿದ್ರೂ ದೀಪವೇ. ಅಚ್ಚು ಹಾಗಲ್ಲ, ಅದಕ್ಕೆ ಅಳತೆ ಉಂಟು."

ಹೊಳಪು ಕಂಡು ಮುಸ್ತಫಾ ಬೋಜಣ್ಣನ ಭುಜ ತಬ್ಬಿಕೊಂಡರು. ಅದೇ ಅಚ್ಚಿನಲ್ಲಿ ಅರವತ್ತು ತೋಟಾ ತಯಾರಿಸಿದರು. ಪಂದ್ಯದ ದಿನ ಮೊದಲನೆಯದನ್ನೇ ಕೋವಿ ಒಳಗೆ ತೆಗೆದುಕೊಳ್ಳಲಿಲ್ಲ. ಎರಡನೆಯದೂ ಇಲ್ಲ, ಮೂರನೆಯದೂ ಇಲ್ಲ. ಅಚ್ಚು ಕೂದಲೆಳೆಯಷ್ಟು ಹಿಗ್ಗಿತ್ತು, ಚಿಪ್ಪುಗಳು ದಪ್ಪಗೇ ಉಳಿದಿದ್ದವು. ಆದರೆ ಕನ್ನಡಿಯಂಥ ಅಚ್ಚಿನ ಮೇಲೆ ಯಾರಿಗೆ ಅನುಮಾನ ಬಂದೀತು? ಅಜ್ಜನಿಗೆ ಕೈ ನಡುಗುತ್ತದೆ, ಯಂತ್ರ ಸರಿಯಾಗಿ ಒತ್ತಿಲ್ಲ ಎಂದು ಜನ ಮಾತಾಡಿಕೊಂಡರು. ಮುಸ್ತಫಾ ಕೂಡ ನಂಬಿದರು. "ಕೈ ಮುದಿಯಾಯಿತು, ಖಲಾಸ್," ಎಂದು ಕೋವಿ ಚೀಲಕ್ಕೆ ಹಾಕಿ ನಡೆದರು. ಯಂತ್ರ, ಅಚ್ಚು ಎಲ್ಲವನ್ನೂ ಕ್ಲಬ್ಬಿಗೇ ಬಿಟ್ಟುಕೊಟ್ಟರು.

ಮರುವಾರ ಅಳೆದು ನೋಡಿದಾಗಲೇ ಬೋಜಣ್ಣನಿಗೆ ಸಂಗತಿ ತಿಳಿಯಿತು. ಬಾಯಿ ಬಿಡಲಿಲ್ಲ. ವೀಸಾ ನವೀಕರಣದ ತಿಂಗಳು, ವೀಸಾದ ಹೊಣೆ ಹೊತ್ತ ಯಜಮಾನ, ಕಫೀಲ್, ಸಹಿ ಹಾಕದಿದ್ದರೆ ಮನೆಗೆ ಹೋಗಬೇಕು. "ಹೆದರಿದೆ. ಆಮೇಲೆ ವೀಸಾ ಆಯ್ತು, ಆಗಲೂ ಹೇಳ್ಲಿಲ್ಲ. ಅದಕ್ಕೆ ಎಂತ ಕಾರಣ ಕೊಡುದು? ನಾಚಿಕೆ, ಅಷ್ಟೇ."

ಕಳೆದ ತಿಂಗಳು ಕ್ಲಬ್ಬಿನವರು ಮುಸ್ತಫಾ ಅವರ ಯಂತ್ರವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲು ತೀರ್ಮಾನಿಸಿ, ಚೆನ್ನಾಗಿ ಹೊಳಪಿಸು ಎಂದು ಬೋಜಣ್ಣನಿಗೇ ಒಪ್ಪಿಸಿದರು. ಅವತ್ತು ರಾತ್ರಿ ಬೋಜಣ್ಣ ಫೋನಿನಲ್ಲಿ ಲೋಲಾಕ್ಷಿಗೆ ಎಲ್ಲ ಹೇಳಿಕೊಂಡರು. ಆಕೆ ಸಮಾಧಾನ ಮಾಡುವ ಗೋಜಿಗೆ ಹೋಗಲಿಲ್ಲ. "ನನ್ನತ್ರ ಹೇಳಿ ಎಂತ ಪ್ರಯೋಜನ? ಆ ಅಜ್ಜ ಹೋದ ಮೇಲೆ ಯಾರತ್ರ ಹೇಳ್ತೀರಿ?" ಎಂದರು.

ಮುಂದಿನ ಶುಕ್ರವಾರ ನಮಾಜು ಮುಗಿಯುವುದನ್ನು ಕಾದು, ಅಚ್ಚನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬೋಜಣ್ಣ ಹಾಜಿಯ ಮನೆಗೆ ಹೋದರು. ಮುಸ್ತಫಾ ಅವರ ಎರಡೂ ಕಣ್ಣು ಈಗ ಮಂಜು. ಬೋಜಣ್ಣ ತನಗೆ ಬರುವ ಹರಕು ಅರಬ್ಬಿ, ಹಿಂದಿಯಲ್ಲಿ ತಪ್ಪೊಪ್ಪಿಕೊಂಡರು. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದರು. ಮುದುಕರು ತಮ್ಮ ಬಲಗೈಯನ್ನು ಕಣ್ಣಿನ ಹತ್ತಿರಕ್ಕೆ ತಂದು ತಿರುಗಿಸಿ ನೋಡಿದರು.

"ಅಂದರೆ ಬೋಜಾ ಭಾಯಿ, ಕೈಯದು ತಪ್ಪಿರಲಿಲ್ಲವಾ?"

"ಇಲ್ಲ ಹಾಜಿ. ನಂದು ತಪ್ಪು."

ಮುಸ್ತಫಾ ಒಳಗೆ ಕೂಗಿದರು. ಗಂಡುಮಕ್ಕಳಿಬ್ಬರು, ಹಿಂದೆಯೇ ಮೊಮ್ಮಕ್ಕಳು ಬಂದು ನಿಂತರು. "ಈಗ ಹೇಳು," ಎಂದರು ಅಜ್ಜ, "ಇವರಿಗೆಲ್ಲ ಕೇಳುವ ಹಾಗೆ ಹೇಳು." ಬೋಜಣ್ಣ ಮತ್ತೆ ಹೇಳಿದರು. "ಇನ್ನೊಮ್ಮೆ." ಇನ್ನೊಮ್ಮೆ ಹೇಳಿದರು.

"ಬೈದಿದ್ರೆ ನನಗೆ ಸುಲಭ ಆಗ್ತಿತ್ತು," ಎನ್ನುತ್ತಾರೆ ಬೋಜಣ್ಣ. "ಖುಷಿಯಲ್ಲಿ ಅವರು ಅತ್ತುಬಿಟ್ರು ಮಾರಾಯ್ರೆ. ಮೂರು ವರ್ಷ ಮೊದಲೇ ಹೇಳ್ಬೇಕಿತ್ತು, ಆಗ ಅವರಿಗೆ ಕಣ್ಣಿತ್ತು. ಇನ್ನೂ ಮೂರು ಪಂದ್ಯ ಆಡ್ತಿದ್ರು."