ಇಳಿಜಾರಿನ ಬುಡದಲ್ಲಿ ನಿಂತ ಸೋದರಮಾವ

ಕಳೆದ ಶನಿವಾರ ಬೆಳಗ್ಗೆ ನಾನು ದೇರೆಬೈಲಿನ ಗುಡ್ಡವೊಂದರ ಬುಡದಲ್ಲಿ ಎರಡೂ ಕೈ ಅಗಲಿಸಿ ನಿಂತಿದ್ದೆ. ಮೇಲಿನಿಂದ ನನ್ನ ತಂಗಿಯ ಮಗಳು ಓಡಿ ಬರುವುದಿತ್ತು. ಬಿದ್ದರೆ ಹಿಡಿಯೋಣ ಅಂತ.

(ಹಿಡಿಯುತ್ತಿದ್ದೆನೇ? ಬಾವಿಗೆ ಇಣುಕುವಾಗಲೂ ಕಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ಮನುಷ್ಯ ನಾನು. ಈ ಅಂಕಣ ಓದುವವರಿಗೆ ಅದು ಹೊಸ ಸುದ್ದಿಯಲ್ಲ.)

ಹುಡುಗಿಯ ಹೆಸರು ವಾರಿಜ. ಕಾಲೇಜಿನ ಮೊದಲ ವರ್ಷ. ನೂರು ಗಜದ ಓಟದಲ್ಲಿ ಕಾಲೇಜಿಗೇ ಮೊದಲು. ಮೈಸೂರಿನ ಸ್ಪೋರ್ಟ್ಸ್‌ಗೆ ಆಯ್ಕೆಯಾಗಬೇಕಾದರೆ ಇನ್ನು ಹದಿನೈದು ದಿನದಲ್ಲಿ ಅರ್ಧ ಸೆಕೆಂಡು ಇಳಿಸಬೇಕು. ಅರ್ಧ ಸೆಕೆಂಡು! ಕನ್ನಡಕ ಒರೆಸುವುದಕ್ಕೇ ನನಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಅವಳನ್ನು ಓಡಲು ಬಿಡಬೇಕೋ ಬೇಡವೋ ಎಂಬ ಪ್ರಶ್ನೆ ಬಂದಾಗ ತಂಗಿ ನನ್ನ ಮುಖ ನೋಡಿದಳು. ಭಾವನೂ ನನ್ನ ಮುಖವನ್ನೇ ನೋಡಿದರು. ತಾಯಿಯ ಕಡೆಯಿಂದ ವಂಶ ನಡೆಯುವ ನಮ್ಮ ಅಳಿಯಸಂತಾನದ ಮನೆಗಳಲ್ಲಿ ಸೋದರಮಾವ ಹೇಳಿದ್ದೇ ಕೊನೆ. ಆಗಲಿ ಅಂದುಬಿಟ್ಟೆ. ಅಂದ ಕ್ಷಣದಿಂದಲೇ ಹೆದರಿಕೆ ಶುರು. ಇರುವವಳು ಒಬ್ಬಳೇ ಮಗಳು. ಕಾಲು ಮುರಿದುಕೊಂಡರೆ ತಂಗಿಗೆ ಯಾವ ಮುಖ ತೋರಿಸಲಿ?

ಓಟ ಕಲಿಸುವವರು ಹಮೀದ್ ಮಾಸ್ಟರು. ಕಂಕನಾಡಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದಾರೆ. ಮಿಲಿಟರಿಯಲ್ಲಿದ್ದಾಗ ಓಡಿ ಕಪ್ ಗೆದ್ದವರು. ಮೈದಾನದಲ್ಲಿ ಮೊಣಕಾಲು ಎತ್ತೆತ್ತಿ ಓಡಿಸುವುದು, ಮೂವತ್ತು ಗಜ ಶಕ್ತಿಯೆಲ್ಲ ಹಾಕಿ ಓಡಿಸಿ ಆಮೇಲೆ ಮೂರು ನಿಮಿಷ ಸುಮ್ಮನೆ ನಡೆಸುವುದು, ಇದನ್ನೆಲ್ಲ ನಾನೂ ಸಹಿಸಿಕೊಂಡೆ. ವಾರಕ್ಕೆ ಎರಡು ದಿನ ಇಳಿಜಾರಿನಲ್ಲಿ ಓಡಿಸಬೇಕು ಅಂದಾಗ ಮಾತ್ರ, ಬಿದ್ದರೆ ಅಂತ ಕೇಳಿದೆ.

"ಎಂತ ಹೆದರುವುದು ಮಾರಾಯ್ರೆ? ಇಳಿಜಾರಲ್ಲಿ ಕಾಲು ತನ್ನಷ್ಟಕ್ಕೇ ಬೇಗ ಹೋಗ್ತದೆ. ಆ ಸ್ಪೀಡ್ ಕಾಲಿಗೆ ಅಭ್ಯಾಸ ಆಗ್ಬೇಕು. ನಡುವಲ್ಲಿ ಬ್ರೇಕ್ ಹಾಕಿದ್ರೆ ಮಾತ್ರ ಡೇಂಜರ್ ಉಂಟು," ಅಂದರು ಮಾಸ್ಟರು.

ನನ್ನ ತಲೆಯಲ್ಲಿ ಉಳಿದದ್ದು ಡೇಂಜರ್ ಒಂದೇ. ಹೆದರಿದವನಿಗೆ ಪೂರ್ತಿ ವಾಕ್ಯ ಯಾವತ್ತಾದರೂ ಕೇಳಿಸಿದ್ದುಂಟೇ?

ಆ ಶನಿವಾರ ಮೊದಲ ಸಲ ಅವಳು ಇಳಿದು ಬಂದಾಗ ನಾನು ಕಣ್ಣು ಮುಚ್ಚಿದ್ದೆ. ಎರಡನೆಯ ಸಲ ಒಂದು ಕಣ್ಣು ತೆರೆದೆ. ಮೂರನೆಯ ಸಲ ಎರಡೂ ತೆರೆದದ್ದೇ ತಪ್ಪಾಯಿತು. ಪಾದ ನೆಲಕ್ಕೆ ತಾಗುವುದೇ ಕಾಣಿಸುತ್ತಿಲ್ಲ. ಕೆಳಗೆ ಒಣಹುಲ್ಲು, ಅಲ್ಲಲ್ಲಿ ತಲೆ ಎತ್ತಿದ ಮುರಕಲ್ಲು. ವಾರಿಜಾ, ನಿಲ್ಲು ಅಂತ ಕೂಗಿಬಿಟ್ಟೆ.

ಅವಳು ನಿಲ್ಲಲು ನೋಡಿದಳು. ಅಂಥ ವೇಗದಲ್ಲಿ ನಿಲ್ಲುವುದು ಹೇಗೆ? ಹಿಂದಕ್ಕೆ ವಾಲಿ ಹಿಮ್ಮಡಿ ಊರಿದಳು, ಜಾರಿದಳು, ಎರಡು ಸುತ್ತು ಉರುಳಿ ನನ್ನ ಕಾಲ ಬಳಿ ಬಂದು ಬಿದ್ದಳು. ನನ್ನ ಕೈಗಳು ಅಗಲಿಸಿದ ಹಾಗೆಯೇ ಇದ್ದವು.

ಮೇಲೆ ನಿಂತಿದ್ದ ಮಾಸ್ಟರು ಇಳಿದು ಬಂದು ಅವಳ ಕಾಲು ಮಡಚಿ, ಬಿಡಿಸಿ ನೋಡಿದರು. ಮೊಣಕಾಲು ತರಚಿ ರಕ್ತ ಬರುತ್ತಿತ್ತು. ದೇವರ ದಯೆ, ಮೂಳೆಗೆ ಏನೂ ಆಗಿರಲಿಲ್ಲ. ಅವರು ನನ್ನನ್ನು ಬೈಯಲಿಲ್ಲ. (ಬೈದಿದ್ದರೆ ಚೆನ್ನಾಗಿತ್ತು.) ಬ್ರೇಕ್ ಯಾಕೆ ಹಾಕಿದ್ದು ಅಂತ ಅವಳನ್ನೇ ಕೇಳಿದರು.

"ಮಾವ ನಿಲ್ಲು ಅಂದ್ರಲ್ಲ," ಅಂದಳು ವಾರಿಜ.

ಅದರಲ್ಲಿ ದೂರು ಇರಲಿಲ್ಲ. ಮಾವ ಹೇಳಿದರೆ ಕೇಳಬೇಕು ಅಂತ ನಾವೇ ಕಲಿಸಿದ್ದಲ್ಲವೇ? ಬೀಳುತ್ತಾಳೆ ಅಂತ ಹೆದರಿದವನು ನಾನು, ಬೀಳಿಸಿದವನೂ ನಾನೇ. ನಿಜ ಹೇಳುತ್ತೇನೆ, ಗುಡ್ಡಕ್ಕಿಂತ ಹೆಚ್ಚು ಹೆದರಿಕೆ ಆಗ ನನ್ನ ಬಾಯಿಯ ಬಗ್ಗೆಯೇ ಆಯಿತು. ಈ ಹುಡುಗಿಗೆ ಇದುವರೆಗೆ ಎಲ್ಲೆಲ್ಲಿ ನಿಲ್ಲು ಅಂದಿದ್ದೇನೋ!

ಮನೆಗೆ ಹೋಗುವ ಅಂದೆ. ಮಾಸ್ಟರು ಬೇಡವೆಂದು ತಲೆಯಾಡಿಸಿದರು. ಈಗ ಹೋದರೆ ಇನ್ನು ಮುಂದೆ ಮೈದಾನದಲ್ಲೂ ಅವಳ ಕಾಲು ಹಿಂಜರಿಯುತ್ತದಂತೆ. ನೋವಿಲ್ಲದಿದ್ದರೆ ಒಂದೇ ಒಂದು ಸಲ, ನಿಧಾನವಾಗಿಯಾದರೂ, ಪೂರ್ತಿ ಇಳಿಯಬೇಕಂತೆ. ನಾನು ಬೇಡ ಅನ್ನುವ ಮೊದಲೇ ವಾರಿಜ ಮೊಣಕಾಲಿಗೆ ಕರವಸ್ತ್ರ ಕಟ್ಟಿಕೊಂಡು ಗುಡ್ಡ ಹತ್ತತೊಡಗಿದಳು.

ತುದಿಗೆ ಹೋಗಿ ತಿರುಗಿ ನಿಂತಳು.

"ಮಾವ, ಈ ಸಲ ನೀವು ನಿಲ್ಲು ಅಂದ್ರೆ ನಿಲ್ಲಬೇಕಾ?"

ನಿಲ್ಲಬೇಡ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ನನ್ನ ಉತ್ತರಕ್ಕೆ ಕಾಯದೆ ಹೊರಟಾಗಿತ್ತು.