ಕಬ್ಬಿನೊಳಗೆ ಕೇಳಿದ ಸದ್ದು

ದೆವ್ವ ಕಂಡೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಅವರ ಬಾಯಿ ವಾಸನೆ ನೋಡುತ್ತಿದ್ದೆ. ಈಗ ನೋಡುವುದಿಲ್ಲ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ, ನಂಬುವುದು ಬಿಡುವುದು ನಿಮ್ಮಿಷ್ಟ.

ನಾನು ಬಸವಕಲ್ಯಾಣದಲ್ಲಿ ಟಂಟಂ ಆಟೋ ಓಡಿಸುತ್ತೇನೆ. ನಾಲ್ಕು ವರ್ಷದ ಹಿಂದೆ ಘಾಟಬೋರಾಳದ ಹತ್ತಿರ ಕಬ್ಬು ಕಡಿಯಲು ಛತ್ತೀಸಗಡದ ಕಡೆಯ ಕೆಲವು ಸಂಸಾರಗಳು ಬಂದಿದ್ದವು. ಅಲ್ಲಿ ಕಾಡಿನಲ್ಲಿ ನಕ್ಸಲರ ಮತ್ತು ಪೊಲೀಸರ ನಡುವೆ ಗುಂಡು ಹಾರಿ ಊರು ಬಿಟ್ಟು ಓಡಿದ ಜನ. ಚಳಿಗಾಲ, ಹೊದೆಯಲು ಏನೂ ಇರಲಿಲ್ಲ. ಹುಮನಾಬಾದಿನ ಒಬ್ಬ ಬಟ್ಟೆ ಅಂಗಡಿಯವರು ಚಾದರ ಕೊಟ್ಟರು. ನಮ್ಮದು ದಾಸೋಹದ ಊರು, ಓಣಿಯವರು ಮನೆಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ ಕೂಡಿಸಿದರು. ವಾರಕ್ಕೊಮ್ಮೆ ಒಯ್ಯುವುದು ನನ್ನ ಕೆಲಸ. ಅವರು ಅನ್ನ ಉಣ್ಣುವವರು. ಮೊದಲ ಸಲ ರೊಟ್ಟಿಯನ್ನು ತಟ್ಟೆ ಮಾಡಿಕೊಂಡು ಅದರ ಮೇಲೆ ಗಂಜಿಯನ್ನ ಹಾಕಿಕೊಂಡರು. ಮುಂದಿನ ವಾರದಿಂದ ಅಕ್ಕಿಯನ್ನೂ ಒಯ್ದೆ.

ಒಂದು ಮಧ್ಯಾಹ್ನ ಹೋದಾಗ ಗುಡಿಸಲುಗಳ ಹತ್ತಿರ ಅಳು. ಪಕ್ಕದ ಹೊಲದವರು ಹಂದಿ ಓಡಿಸಲು ಪಟಾಕಿ ಹಾರಿಸಿದ್ದರು. ಇವರು ಗುಂಡೆಂದೇ ತಿಳಿದು ಕಬ್ಬಿನೊಳಗೆ ನುಗ್ಗಿದ್ದರು. ಎಲ್ಲರೂ ಹೊರಬಂದರು, ಆರು ವರ್ಷದ ಸೋಮಡಿ ಬರಲಿಲ್ಲ. ಸದ್ದಾದರೆ ಅಡಗಬೇಕು, ಹೆಸರು ಹಿಡಿದು ಕರೆದರೂ ಓಗೊಡಬಾರದು ಎಂದು ಮಕ್ಕಳಿಗೆ ಕಲಿಸಿದವರೇ ತಾವು ಎಂದು ಅವಳ ಮಾಮ ಹರಕು ಹಿಂದಿಯಲ್ಲಿ ಹೇಳಿದ. ಅವರ ಊರಿನಲ್ಲಿ ಓಗೊಟ್ಟವರು ಮರಳಿ ಬಂದಿರಲಿಲ್ಲವಂತೆ.

ಹೊಲದ ಮಾಲಕ ಮಲ್ಲಪ್ಪ ಕಾಕಾನಿಗೆ ಇದೊಂದೂ ಗೊತ್ತಿರಲಿಲ್ಲ. ಕಡಿಯುವ ಮೊದಲು ಒಣ ಸೋಗೆ ಸುಡಬೇಕೆಂದು ಆಚೆ ಬದುವಿನಲ್ಲಿ ಬೆಂಕಿ ಹಚ್ಚಿಬಿಟ್ಟಿದ್ದ. ನಾನು ಒಳಗೆ ನುಗ್ಗಿದೆ.

“ಏ ತಮ್ಮಾ, ಗಾಳಿ ಇತ್ತ ಕಡಿಗೇ ಅದ, ಹೊರಗ ಬಾ. ನಿಮ್ಮವ್ವಗ ನಾ ಏನ್ ಹೇಳ್ಲಿ?”

“ಊಟಕ್ಕ ಬರ್ತಾನಂತ ಹೇಳ್ರಿ ಕಾಕಾ.”

ಹೊಗೆಯಲ್ಲಿ ನನ್ನ ಕೈ ನನಗೇ ಕಾಣಲಿಲ್ಲ. ಎತ್ತ ಹೋಗಬೇಕೋ ತಿಳಿಯದೆ ನಿಂತೆ. ಆಗ ಎಡಕ್ಕೆ ತಪ್, ತಪ್ ಎಂದು ಕೇಳಿತು. ಹೆಂಗಸೊಬ್ಬಳು ರೊಟ್ಟಿ ಬಡಿಯುವ ಸದ್ದು. ಬೆಂಕಿಯ ಚಟಪಟ ಬೇರೆ, ಇದು ಬೇರೆ. ಅದರ ಹಿಂದೆಯೇ ಹೋದೆ. ಸೋಮಡಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಸದ್ದು ನಿಂತಿತ್ತು. ಅವಳನ್ನು ಎತ್ತಿಕೊಂಡು ಓಡಿದೆ. ನನ್ನ ಒಂದು ಕಡೆಯ ಕೂದಲು ಸುಟ್ಟಿತು, ಅಷ್ಟೇ.

ಒಳಗೆ ರೊಟ್ಟಿ ಬಡಿಯುತ್ತಿದ್ದವರು ಯಾರೆಂದು ಕಾಕಾನನ್ನು ಕೇಳಿದೆ.

“ಉರಿಯೋ ಕಬ್ಬಿನ್ಯಾಗ ಯಾವಾಕಿ ರೊಟ್ಟಿ ಬಡೀತಾಳೋ? ಹೊಗಿ ತಲಿಗಿ ಏರ್ಯಾದ ನಿನಗ.”

ಇರಬಹುದು ಎಂದುಕೊಂಡೆ. ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವಳ ಮಾಮ, ಒಬ್ಬಳೇ ಯಾಕೆ ಕೂತೆ ಎಂದು ತಮ್ಮ ಮಾತಿನಲ್ಲಿ ಅವಳನ್ನು ಗದರಿಸಿದ. ಅವಳು ಏನೋ ಹೇಳಿದಳು. ಅವನು ಅದನ್ನು ನನಗೆ ಹಿಂದಿಯಲ್ಲಿ ತಿಳಿಸಿದ. ಅವಳು ಒಬ್ಬಳೇ ಇರಲಿಲ್ಲವಂತೆ. ಒಬ್ಬ ಮುದುಕಿ ಪಕ್ಕದಲ್ಲಿ ಕೂತು, ನಾನು ಬರುವ ತನಕ ಅವಳ ಬೆನ್ನು ತಟ್ಟುತ್ತಿದ್ದಳಂತೆ.

ಅವರ ಗುಂಪಿನಲ್ಲಿ ಮುದುಕಿ ಯಾರೂ ಇರಲಿಲ್ಲ. ಬೆಂಕಿ ಆರಿದ ಮೇಲೆ ನಾನೂ ಕಾಕಾನೂ ಸುಟ್ಟ ಸಾಲುಗಳನ್ನು ಒಂದೊಂದಾಗಿ ತುಳಿದು ಹುಡುಕಿದೆವು, ಹೆಣ ಸಿಗದಿರಲಿ ಎಂದುಕೊಳ್ಳುತ್ತ. ಸಿಗಲಿಲ್ಲ. ಅಷ್ಟಕ್ಕೆ ಸಮಾಧಾನವಾಗಬೇಕಿತ್ತು. ಇವತ್ತಿಗೂ ಆಗಿಲ್ಲ.